ಪಕ್ಷಿಶಾಸ್ತ್ರಜ್ಞ ಹ್ಯೂಮ್

1885ನೆಯ ಇಸವಿ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ 72 ಮಂದಿ ಪ್ರತಿನಿಧಿಗಳು ಸೇರಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನವನ್ನು ನಡೆಸಿದರು. ಈ ಸಂಸ್ಥೆಯನ್ನು ಕಟ್ಟಲು ದುಡಿದವರಲ್ಲಿ ಅಲನ್ ಆಕ್ಟೇವಿಯನ್ ಹ್ಯೂಮ್ ಎಂಬ ನಿವೃತ್ತ ಆಂಗ್ಲ ಅಧಿಕಾರಿ ಪ್ರಮುಖರೆಂಬುದನ್ನು ಚರಿತ್ರೆಯ ಪಾಠದಲ್ಲಿ ಓದದ ವಿದ್ಯಾರ್ಥಿ ಇರಲಾರನು. ಅದೇ ವರ್ಷ, ಆ ಅಧಿವೇಶನಕ್ಕೆ ಕೆಲವು ತಿಂಗಳುಗಳ ಮೊದಲು, ಶಿಮ್ಲಾದ ಬೆಟ್ಟದ ಮೇಲಿದ್ದ ಹ್ಯೂಮ್ ಅವರ ಮನೆಯಿಂದ 47 ದೊಡ್ಡ ಪೆಟ್ಟಿಗೆಗಳು ಹೊರಬಿದ್ದವು. ದೇವದಾರು ಹಲಗೆಯಿಂದ ಮಾಡಿದ್ದ ಒಂದೊಂದು ಪೆಟ್ಟಿಗೆಯೂ ಸುಮಾರು ಅರ್ಧ ಟನ್ ತೂಗುತ್ತಿದ್ದಿತು. ಅವು ಬೆಟ್ಟವಿಳಿದು, ಎತ್ತಿನ ಗಾಡಿಯಲ್ಲಿ ಕಾಲ್ಕಾ ಸೇರಿ, ಅಲ್ಲಿಂದ ಮುಂಬಯಿಯ ಬಂದರಿಗೆ ಹೋಗಿ, ಹಡಗೇರಿ ಲಂಡನ್ನಿಗೆ ಸಾಗಿದವು. ಅವುಗಳಲ್ಲಿ ಇದ್ದುದು ಚಿನ್ನವಲ್ಲ, ರೇಷ್ಮೆಯಲ್ಲ. ಹತ್ತಿ ತುಂಬಿ ಒಣಗಿಸಿದ ಹಕ್ಕಿಗಳ ಚರ್ಮಗಳು. ಒಂದೆರಡಲ್ಲ, ಸುಮಾರು 82,000. ಹ್ಯೂಮ್ ಅವರ ಬಾಳಿನ ಈ ಭಾಗವನ್ನು ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಹ್ಯೂಮ್ ಹುಟ್ಟಿದ್ದು 1829ನೆಯ ಜೂನ್ ತಿಂಗಳಲ್ಲಿ. ತಂದೆ ಜೋಸೆಫ್ ಹ್ಯೂಮ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸುಧಾರಣೆಗಳಿಗಾಗಿ ಹೋರಾಡಿ ಹೆಸರಾದವರು. ಮಗ ಹೇಲಿಬರಿಯ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಸ್ವಲ್ಪ ಕಾಲ ವೈದ್ಯವನ್ನೂ ಕಲಿತು, 1849ರಲ್ಲಿ ಕಂಪನಿಯ ಸೇವೆಗೆಂದು ಭಾರತಕ್ಕೆ ಬಂದರು. ಇಂದಿನ ಉತ್ತರಪ್ರದೇಶದ ಇಟಾವಾ ಜಿಲ್ಲೆಯ ಆಡಳಿತ ಅವರ ಕೈಗೆ ಬಂದಾಗ, ಹಳ್ಳಿಯ ಮಕ್ಕಳಿಗಾಗಿ ಶುಲ್ಕವಿಲ್ಲದ ಶಾಲೆಗಳನ್ನು ತೆರೆದರು. 1857ರ ವೇಳೆಗೆ ಅವುಗಳ ಸಂಖ್ಯೆ 181ಕ್ಕೆ ಏರಿದ್ದಿತು. ಆ ವರ್ಷದ ಸ್ವಾತಂತ್ರ್ಯ ಸಮರದಲ್ಲಿ ಹ್ಯೂಮ್ ನಿಂತದ್ದು ಇಂಗ್ಲಿಷರ ಪಕ್ಷದಲ್ಲಿಯೇ, ಅದನ್ನು ಮರೆಮಾಚಬೇಕಾಗಿಲ್ಲ. ಇಟಾವಾವನ್ನು ಬಿಟ್ಟು ಆಗ್ರಾಕ್ಕೆ ಹೋಗಬೇಕಾಗಿ ಬಂದ ಆ ದಿನಗಳಲ್ಲಿ ಅವರು ಅದುವರೆಗೆ ಕೂಡಿಹಾಕಿದ್ದ ಹಕ್ಕಿಗಳ ಸಂಗ್ರಹವೂ ಬರೆಹಗಳೂ ನಾಶವಾದವು. ಶಾಂತಿ ನೆಲೆಸಿದ ಮೇಲೆ ಅವರು ಮತ್ತೆ ಮೊದಲಿನಿಂದ ಆರಂಭಿಸಿದರು.

ಹಕ್ಕಿಯ ಅಭ್ಯಾಸಕ್ಕೂ ಕೋವಿಗೂ ಆ ಕಾಲದಲ್ಲಿದ್ದ ನಂಟನ್ನು ಇಲ್ಲಿ ತಿಳಿದುಕೊಳ್ಳಬೇಕು. ಚಳಿಗಾಲ ಬಂದಿತೆಂದರೆ ಆಂಗ್ಲ ಅಧಿಕಾರಿಗಳು ಡೇರೆ, ಕುದುರೆ, ಆಳುಕಾಳುಗಳೊಡನೆ ಹಳ್ಳಿಗಳ ಸರ್ಕೀಟು ಹೊರಡುತ್ತಿದ್ದರು. ಹಗಲೆಲ್ಲ ಕಂದಾಯದ ಲೆಕ್ಕ, ವ್ಯಾಜ್ಯಗಳ ವಿಚಾರಣೆ. ಮುಂಜಾನೆ ಮತ್ತು ಸಂಜೆ ಬೇಟೆ. ಕೊಯ್ಲಾದ ಹೊಲದ ಕೂಳೆಯ ನಡುವೆ ಆಳುಗಳು ಸಾಲಾಗಿ ಸೋವುತ್ತ ಬಂದರೆ ಲಾವುಗೆಗಳೂ ಗೌಜಲಹಕ್ಕಿಗಳೂ ಬುರ್ರೆಂದು ಮೇಲೇಳುವುವು. ಕೆರೆಯ ಜೊಂಡಿನಲ್ಲಿ ಕಾಡುಬಾತುಗಳು, ಗದ್ದೆಯ ಕೆಸರಿನಲ್ಲಿ ಉಲ್ಲಂಕಿಗಳು. ಹಣ್ಣು ತುಂಬಿದ ಆಲದ ಮರವಿದ್ದರಂತೂ ಬೇಟೆಗಾರನು ಎಲ್ಲಿಗೂ ಅಲೆಯಬೇಕಾಗಿರಲಿಲ್ಲ. ಬುಡದಲ್ಲಿ ನಿಂತರೆ ಸಾಕು, ಹಸುರು ಪಾರಿವಾಳಗಳು ಹಿಂಡುಹಿಂಡಾಗಿ ಬಂದೆರಗುತ್ತಿದ್ದವು. ಒಂದು ತೋಟಾದಿಂದ ಹಾರುವ ಸಣ್ಣ ಸಣ್ಣ ಚರೆಗಳು ಅಗಲವಾಗಿ ಹರಡುವುದರಿಂದ ಒಂದೇ ಈಡಿಗೆ ಎರಡು ಮೂರು ಹಕ್ಕಿಗಳು ಉರುಳುವುದೂ ಉಂಟು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗಜದಿಂದ ಜಡಿದು ಹೊಡೆಯುತ್ತಿದ್ದ ಹಳೆಯ ಕೋವಿ ಹಿಂದಾಗಿ, ಹಿಂಬದಿಯಿಂದ ತೋಟಾ ಹಾಕುವ ಕೋವಿ ಬಳಕೆಗೆ ಬಂದದ್ದು ಹೆಚ್ಚುಕಡಮೆ ಈ ಕಾಲದಲ್ಲಿಯೇ. ಗುಂಡು ತುಂಬುವ ಕೆಲಸ ಕ್ಷಣದ್ದಾಯಿತು. ಉರುಳುವ ಹಕ್ಕಿಗಳ ಸಂಖ್ಯೆಯೂ ಬೆಳೆಯಿತು. ಸಂಜೆ ಡೇರೆಯ ಮುಂದೆ ಸತ್ತ ಹಕ್ಕಿಗಳನ್ನು ಸಾಲಾಗಿ ಮಲಗಿಸಿ ಎಣಿಸುವುದು, ಯಾರದು ಹೆಚ್ಚೆಂದು ಪಂಥ ಕಟ್ಟುವುದು, ಬಳಿಕ ಅಡುಗೆಯವನಿಗೆ ಒಪ್ಪಿಸುವುದು. ಅಲ್ಲಿಗೆ ಆ ಹವ್ಯಾಸ ಮುಗಿಯುತ್ತಿದ್ದಿತು.

ಹ್ಯೂಮ್ ಅವರೂ ಇಂಥ ಬೇಟೆಗಾರರೇ. ಆದರೆ ಅವರಿಗೆ ಎಣಿಕೆಯಿಂದ ತೃಪ್ತಿಯಾಗಲಿಲ್ಲ. ಅಡುಗೆಯವನು ಪುಕ್ಕ ಕೀಳುವ ಮುನ್ನ ಆ ಹಕ್ಕಿಯಿಂದ ಎಷ್ಟೊಂದನ್ನು ತಿಳಿಯಬಹುದು! ಕಣ್ಣಿನ ಮತ್ತು ಕಾಲಿನ ಬಣ್ಣಗಳು ಪ್ರಾಣ ಹೋದ ಸ್ವಲ್ಪ ಹೊತ್ತಿಗೇ ಮಾಸುತ್ತವೆ. ಆದುದರಿಂದ ಅವನ್ನು ಕೂಡಲೇ ಬರೆದಿಟ್ಟುಕೊಳ್ಳಬೇಕು. ತೂಕ, ರೆಕ್ಕೆಯ ಅಳತೆ, ಬಾಲದ ಅಳತೆ, ಗಂಡೋ ಹೆಣ್ಣೋ ಎಂಬುದು, ಹೊಟ್ಟೆಯಲ್ಲಿದ್ದ ಕಾಳು ಯಾವುದು, ಸಿಕ್ಕ ಸ್ಥಳ ಮತ್ತು ದಿನ, ಇವೆಲ್ಲವೂ ಬೇಕು. ಚರ್ಮವನ್ನು ಹರಿಯದಂತೆ ಸುಲಿದು, ಹುಳು ಹಿಡಿಯದಂತೆ ಪಾಷಾಣವನ್ನು ಸವರಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಬೇಕು. ಚೀಟಿಯಿಲ್ಲದ ಹಕ್ಕಿ ಶಾಸ್ತ್ರಕ್ಕೆ ಬರಿಯ ಗರಿಗಳ ಕಂತೆ. ದೇಶದ ಮೂಲೆಮೂಲೆಗಳಲ್ಲಿ ಬೇಟೆಯ ಹವ್ಯಾಸವಿದ್ದ ದಂಡಿನ ಅಧಿಕಾರಿಗಳು, ಅರಣ್ಯಾಧಿಕಾರಿಗಳು, ತೋಟದ ಮಾಲೀಕರು, ರೈಲ್ವೆ ಇಂಜಿನಿಯರುಗಳು ಇದ್ದರು. ಹ್ಯೂಮ್ ಅವರಿಗೆಲ್ಲ ಕಾಗದ ಬರೆದು, ಹೀಗೆ ಹೀಗೆ ಮಾಡಿರೆಂದು ತಿಳಿಸಿದರು. ಬೇಸರ ಕಳೆಯಲು ಹೊಡೆಯುತ್ತಿದ್ದವರು ಅವರ ಮಾತಿಗೆ ಕಟ್ಟುಬಿದ್ದು ಅಳತೆಯ ಪಟ್ಟಿಯನ್ನು ಕೈಗೆತ್ತಿಕೊಂಡರು. ಹವ್ಯಾಸವೊಂದು ಶಾಸ್ತ್ರದ ಸೇವೆಗೆ ತಿರುಗಿದ್ದು ಹೀಗೆ.

1867ರಲ್ಲಿ ಹ್ಯೂಮ್ ಸುಂಕದ ಇಲಾಖೆಯ ಕಮಿಷನರ್ ಆದರು. ಉಪ್ಪಿನ ತೆರಿಗೆಯನ್ನು ತಪ್ಪಿಸಿಕೊಳ್ಳದಂತೆ ಆಗಿನ ಸರ್ಕಾರ ಉತ್ತರ ಭಾರತದ ಉದ್ದಕ್ಕೂ ನೂರಾರು ಮೈಲಿ ಮುಳ್ಳುಬೇಲಿಯನ್ನು ಬೆಳೆಸಿ ಕಾವಲಿರಿಸಿದ್ದಿತು. ಬಡವನ ಉಪ್ಪಿಗೆ ಹಾಕಿದ ಈ ಬೇಲಿ ಮೆಚ್ಚತಕ್ಕುದಲ್ಲ. ಆದರೆ ಅದರ ತನಿಖೆಗಾಗಿ ಮಾಡಿದ ದೀರ್ಘ ಪ್ರವಾಸಗಳು ಹ್ಯೂಮ್ ಅವರಿಗೆ ಹಕ್ಕಿಗಳ ಹೊಸ ಹೊಸ ನೆಲೆಗಳನ್ನು ತೋರಿಸಿದವು. ರಾಜಸ್ಥಾನದ ಸಾಂಭರ್ ಉಪ್ಪಿನ ಸರೋವರ, ಸಿಂಧ್ ಪ್ರಾಂತ, 1873ರಲ್ಲಿ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು, ಹೀಗೆ ಅವರ ಓಡಾಟ ಬೆಳೆಯಿತು. ಅಂಡಮಾನಿನ ಕಾಡು ಪಾರಿವಾಳವನ್ನೂ ನಾರ್ಕೊಂಡಮ್ ದ್ವೀಪದ ಮಂಗಟ್ಟೆ ಹಕ್ಕಿಯನ್ನೂ ಲೋಕಕ್ಕೆ ಮೊದಲು ವರ್ಣಿಸಿ ತಿಳಿಸಿದವರು ಅವರೇ.

1872ರಲ್ಲಿ ಅವರು ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅಲ್ಲಿ ಇಲ್ಲಿ ಉದುರಿದ ಗರಿಗಳು ಎಂಬುದು ಆ ಹೆಸರಿನ ಭಾವ. ಬೇಟೆಗಾರರು ಕಳಿಸಿದ ವಿವರಗಳು ಅದರಲ್ಲಿ ಅಚ್ಚಾಗುತ್ತಿದ್ದವು. 1879ರಿಂದ 1881ರವರೆಗೆ ಮಾರ್ಷಲ್ ಎಂಬ ಸೇನಾಧಿಕಾರಿಯೊಡನೆ ಸೇರಿ ಭಾರತ, ಬರ್ಮಾ ಮತ್ತು ಸಿಂಹಳದ ಬೇಟೆಹಕ್ಕಿಗಳನ್ನು ಕುರಿತ ಮೂರು ಸಂಪುಟಗಳ ಗ್ರಂಥವನ್ನು ಹೊರತಂದರು. ನಮ್ಮ ಬಯಲುಸೀಮೆಯವರು ಎರೆಭೂತವೆಂದು ಕರೆಯುವ ಭಾರಿ ಹಕ್ಕಿಯಿಂದ ಹಿಡಿದು ಅಂಗೈಯಲ್ಲಿ ಅಡಗುವ ಲಾವುಗೆಯವರೆಗೆ ಅದರಲ್ಲಿ ವರ್ಣನೆಯಿದೆ. ಚಿತ್ರಗಳು ಸಿದ್ಧವಾದದ್ದು ದೂರದ ಇಂಗ್ಲೆಂಡಿನಲ್ಲಿ. ಕೆಲವು ಚಿತ್ರಗಳ ಬಣ್ಣ ತಪ್ಪಿದ್ದನ್ನು ಕಂಡು ಹ್ಯೂಮ್ ಆ ತಪ್ಪುಗಳನ್ನು ತಮ್ಮ ಗ್ರಂಥದಲ್ಲಿಯೇ ಎತ್ತಿ ತೋರಿಸಿದರು. ತನ್ನ ಪುಸ್ತಕದ ದೋಷವನ್ನು ತಾನೇ ಸಾರುವ ಗ್ರಂಥಕಾರರು ವಿರಳ.

ಇಷ್ಟರಲ್ಲಿ ಅಧಿಕಾರದ ಬಾಳು ಕಹಿಯಾಗಿದ್ದಿತು. ಕೃಷಿ ಮತ್ತು ಕಂದಾಯ ಇಲಾಖೆಯ ಕಾರ್ಯದರ್ಶಿಯಾಗಿದ್ದ ಅವರನ್ನು, ನೇರ ನುಡಿಯ ಕಾರಣದಿಂದ, 1879ರಲ್ಲಿ ಆ ಹುದ್ದೆಯಿಂದ ಕೆಳಗಿಳಿಸಲಾಯಿತು. 1882ರಲ್ಲಿ ಅವರು ನಿವೃತ್ತರಾದರು. ಶಿಮ್ಲಾದ ಜಾಖೂ ಬೆಟ್ಟದ ಮೇಲಿನ ರಾತ್ನಿ ಕ್ಯಾಸಲ್ ಎಂಬ ಮನೆಯನ್ನು ಅಪಾರ ಹಣ ವೆಚ್ಚಮಾಡಿ ಬೆಳೆಸಿ, ಅದರಲ್ಲಿ ತಮ್ಮ ಪಕ್ಷಿಭಂಡಾರವನ್ನು ಇರಿಸಿದ್ದರು. ಭಾರತದ ಎಲ್ಲ ಹಕ್ಕಿಗಳನ್ನೂ ಒಳಗೊಂಡ ಒಂದು ಮಹಾಗ್ರಂಥವನ್ನು ಬರೆಯುವುದು ಅವರ ಜೀವಮಾನದ ಆಸೆ. ಅದಕ್ಕಾಗಿ ಸುಮಾರು 25 ವರ್ಷಗಳ ಟಿಪ್ಪಣಿಗಳು ಅಲ್ಲಿ ರಾಶಿಯಾಗಿದ್ದವು.

ಆದರೆ ಈ ವರ್ಷಗಳಲ್ಲಿಯೇ ಅವರ ಮನಸ್ಸು ಬೇರೊಂದು ದಾರಿಯನ್ನು ಹಿಡಿದಿದ್ದಿತು. ಥಿಯಾಸಫಿಯ ಮತ್ತು ಭಾರತೀಯ ತತ್ತ್ವಗಳ ಪ್ರಭಾವಕ್ಕೆ ಒಳಗಾದ ಹ್ಯೂಮ್ ಮಾಂಸಾಹಾರವನ್ನು ತ್ಯಜಿಸಿದರು, ಕೋವಿಯನ್ನೂ ಕೆಳಗಿಟ್ಟರು. ಊಟಕ್ಕಾಗಲಿ ವಿನೋದಕ್ಕಾಗಲಿ ಮಾತ್ರವಲ್ಲ, ಶಾಸ್ತ್ರಕ್ಕಾಗಿಯೂ ಹಕ್ಕಿಗಳನ್ನು ಕೊಲ್ಲುವುದು ಅವರಿಗೆ ಒಪ್ಪಿಗೆಯಾಗದೆ ಹೋಯಿತು. ಸಾವಿರಾರು ಹಕ್ಕಿಗಳನ್ನು ಹೊಡೆದು, ಹೊಡೆಯಿಸಿ, ಅದರ ಮೇಲೆ ಕೀರ್ತಿಯನ್ನು ಕಟ್ಟಿಕೊಂಡಿದ್ದವರಿಗೆ ಈ ನಿರ್ಧಾರ ಸುಲಭವಾಗಿದ್ದಿರಲಾರದು. ಬರೆಯಬೇಕಾದ ಗ್ರಂಥ ಮಾತ್ರ ಉಳಿದಿದ್ದಿತು. ಅದಕ್ಕೆ ಇನ್ನು ಕೋವಿಯ ಅಗತ್ಯವಿರಲಿಲ್ಲ, ಟಿಪ್ಪಣಿಗಳು ಇದ್ದವು.

1884ರ ಚಳಿಗಾಲವನ್ನು ಬಯಲುನಾಡಿನಲ್ಲಿ ಕಳೆದು ಹ್ಯೂಮ್ ಶಿಮ್ಲಾಕ್ಕೆ ಹಿಂದಿರುಗಿದರು. ಟಿಪ್ಪಣಿಗಳಿದ್ದ ಜಾಗ ಬರಿದಾಗಿದ್ದಿತು. ಅವರಿಲ್ಲದಾಗ ಮನೆಯ ಆಳೊಬ್ಬನು ಆ ಹಸ್ತಪ್ರತಿಗಳನ್ನು ಬಜಾರಿನಲ್ಲಿ ರದ್ದಿ ಕಾಗದವೆಂದು ತೂಕಕ್ಕೆ ಮಾರಿಬಿಟ್ಟಿದ್ದನು. ಎಷ್ಟೋ ಮಣ ತೂಕದ ಬರೆಹ ಅಂಗಡಿಗಳ ಪೊಟ್ಟಣಗಳಾಗಿ ಊರೆಲ್ಲ ಹಂಚಿಹೋಯಿತು. ಆ ಆಳಿಗೆ ಓದು ಬಾರದಿದ್ದಿರಬಹುದು; ಅವನ ಕಣ್ಣಿಗೆ ಅದು ಹಳೆಯ ಕಾಗದವೇ ಸರಿ. ಇದೇ ಕಾಲಕ್ಕೆ ಶಿಮ್ಲಾದ ಭಾರಿ ಮಳೆಯಿಂದ ಬೆಟ್ಟ ಕುಸಿದು ಪಕ್ಷಿಭಂಡಾರಕ್ಕೂ ಹಾನಿಯಾಯಿತು. ಹುಳು ಹಿಡಿದು ಹಾಳಾದ ಚರ್ಮಗಳೇ ಸುಮಾರು 20,000. ಇಟಾವಾದಲ್ಲಿ ಒಮ್ಮೆ ಎಲ್ಲವನ್ನೂ ಕಳೆದುಕೊಂಡಾಗ ಹ್ಯೂಮ್ ಮೂವತ್ತರ ಒಳಗಿನ ತರುಣರು. ಈಗ ಅವರಿಗೆ ಐವತ್ತೈದು. ಮತ್ತೆ ಆರಂಭಿಸುವುದೆಂದರೆ ಮತ್ತೆ ಕೋವಿ ಹಿಡಿಯಬೇಕು, ಮತ್ತೆ ಹಕ್ಕಿಗಳನ್ನು ಅಳೆಯಬೇಕು. ಅವರು ಅದನ್ನು ಮಾಡಲಿಲ್ಲ. ಉಳಿದ ಸಂಗ್ರಹವೆಲ್ಲವನ್ನೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟುಬಿಟ್ಟರು. ಅದನ್ನು ಕಟ್ಟಿಸಿಕೊಂಡು ಹೋಗಲು ಶಾರ್ಪ್ ಎಂಬ ವಿದ್ವಾಂಸರು 1885ರಲ್ಲಿ ಶಿಮ್ಲಾಕ್ಕೆ ಬಂದರು. ಆ 47 ಪೆಟ್ಟಿಗೆಗಳ ಕಥೆ ಇದು. ಅಳಿದುಳಿದ ಟಿಪ್ಪಣಿಗಳನ್ನು ಹ್ಯೂಮ್ ಓಟ್ಸ್ ಎಂಬ ಪಕ್ಷಿತಜ್ಞರಿಗೆ ಒಪ್ಪಿಸಿದರು. ಹಕ್ಕಿಗಳ ಗೂಡು ಮತ್ತು ಮೊಟ್ಟೆಗಳನ್ನು ಕುರಿತ ಭಾಗ ಅವರ ಕೈಯಲ್ಲಿ ಪುಸ್ತಕವಾಯಿತು.

ಆಮೇಲಿನ ವರ್ಷಗಳು ಕಾಂಗ್ರೆಸ್ಸಿಗೆ ಮೀಸಲಾದವು. ಆ ಕಥೆ ಎಲ್ಲರಿಗೂ ತಿಳಿದದ್ದೇ. 1894ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ, ಎಪ್ಪತ್ತರ ಸಮೀಪದಲ್ಲಿದ್ದ ಹ್ಯೂಮ್ ಗಿಡಮೂಲಿಕೆಗಳ ಅಭ್ಯಾಸಕ್ಕೆ ತೊಡಗಿದರು. ಹೂವು ಎಲೆಗಳನ್ನು ಹೆಕ್ಕಿ ಒತ್ತಿ ಒಣಗಿಸಿ, ಹಿಂದಿನಂತೆಯೇ ಚೀಟಿ ಬರೆದು ಕೂಡಿಸಿದರು. 1910ರಲ್ಲಿ ತಮ್ಮ ಹಣದಿಂದ ದಕ್ಷಿಣ ಲಂಡನ್ನಿನಲ್ಲಿ ಒಂದು ಸಸ್ಯಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. 1912ನೆಯ ಜುಲೈ 31ರಂದು ತೀರಿಕೊಂಡರು.

ಅವರು 1881ರಲ್ಲಿ ಮಣಿಪುರಕ್ಕೆ ಹೋಗಿದ್ದಾಗ ಎರಡು ಬೇಟೆಹಕ್ಕಿಗಳನ್ನು ಲೋಕಕ್ಕೆ ಪರಿಚಯಿಸಿದ್ದರು. ಒಂದು ಉದ್ದ ಬಾಲದ ಚೆಲುವಾದ ಕಾಡುಹಕ್ಕಿ. ಅದಕ್ಕೆ ತಮ್ಮ ಪತ್ನಿಯ ಹೆಸರನ್ನಿತ್ತರು. ಇಂದು ಅದು ಮಣಿಪುರ ಮತ್ತು ಮಿಜೋರಾಮ್‌ಗಳ ರಾಜ್ಯಪಕ್ಷಿ. ಇನ್ನೊಂದು ಎತ್ತರದ ಹುಲ್ಲಿನಲ್ಲಿ ಅಡಗಿ ಬಾಳುವ ಬೂದುಬಣ್ಣದ ಮಣಿಪುರ ಲಾವುಗೆ. 1932ರ ಬಳಿಕ ಬಹುಕಾಲ ಅದು ಯಾರ ಕಣ್ಣಿಗೂ ಖಚಿತವಾಗಿ ಬೀಳಲಿಲ್ಲ. 2006ರಲ್ಲಿ ಅಸ್ಸಾಮಿನಲ್ಲಿ ಒಮ್ಮೆ ಕಾಣಿಸಿಕೊಂಡಿತೆಂದು ವರದಿಯಾಯಿತು. ಹ್ಯೂಮ್ ಕಳಿಸಿದ ಚರ್ಮಗಳು ಈಗ ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನಲ್ಲಿರುವ ಸಂಗ್ರಹಾಲಯದಲ್ಲಿವೆ. ಭಾರತದ ಹಕ್ಕಿಗಳನ್ನು ಅಭ್ಯಾಸಮಾಡುವವರು ಅಲ್ಲಿಗೆ ಹೋಗಿ, ಅವುಗಳ ಕಾಲಿಗೆ ಕಟ್ಟಿದ ಚೀಟಿಗಳನ್ನು ಇಂದಿಗೂ ಓದುತ್ತಾರೆ.