ನೆವಿಲ್ ಶೂಟ್: ಕಾದಂಬರಿಕಾರನ ಹಿಂದಿದ್ದ ಎಂಜಿನಿಯರ್

'ಎ ಟೌನ್ ಲೈಕ್ ಆಲಿಸ್', 'ಆನ್ ದ ಬೀಚ್' ಕಾದಂಬರಿಗಳಿಂದ ಜಗತ್ತಿಗೆ ಪರಿಚಿತರಾದ ನೆವಿಲ್ ಶೂಟ್ ಅವರ ಪೂರ್ಣ ಹೆಸರು ನೆವಿಲ್ ಶೂಟ್ ನಾರ್ವೆ. ಲಂಡನ್ನಿನ ಈಲಿಂಗ್‌ನಲ್ಲಿ 1899ರ ಜನವರಿ 17ರಂದು ಜನಿಸಿದ ಅವರು ವೃತ್ತಿಯಿಂದ ವಿಮಾನ ಎಂಜಿನಿಯರ್. ಕಥೆ ಬರೆಯುವವನ ಲೆಕ್ಕವನ್ನು ಯಾರು ನಂಬುತ್ತಾರೆಂಬ ಅಳುಕಿನಿಂದಲೇ ಪುಸ್ತಕಗಳಲ್ಲಿ 'ನಾರ್ವೆ'ಯನ್ನು ಕೈಬಿಟ್ಟರು.

ಆಕ್ಸ್‌ಫರ್ಡ್ ಪದವೀಧರರಾದ ಅವರು 1924ರಲ್ಲಿ ವಿಕರ್ಸ್ ಸಮೂಹದ ವಾಯುನೌಕಾ ಕಂಪೆನಿಯನ್ನು ಸೇರಿದರು. ಅಲ್ಲಿ ಬಾರ್ನ್ಸ್ ವಾಲಿಸ್ ವಿನ್ಯಾಸಗೊಳಿಸುತ್ತಿದ್ದ ಆರ್-100 ವಾಯುನೌಕೆಯ ಮುಖ್ಯ ಲೆಕ್ಕಿಗರಾದರು. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಒಂದು ಚೌಕಟ್ಟಿನ ಲೆಕ್ಕಕ್ಕೇ ತಿಂಗಳುಗಳು ಹಿಡಿಯುತ್ತಿದ್ದವು. 1930ರ ಜುಲೈನಲ್ಲಿ ಆರ್-100 ಕೆನಡಾಕ್ಕೆ ಹಾರಿದಾಗ ಶೂಟ್ ಅದರಲ್ಲೇ ಪ್ರಯಾಣಿಸಿದರು.

ಅದರ ಪ್ರತಿಸ್ಪರ್ಧಿ ಆರ್-101. ಅದನ್ನು ಕಟ್ಟಿದ್ದು ಬ್ರಿಟನ್ನಿನ ವಾಯು ಸಚಿವಾಲಯ. ಹಾರಾಟ ಅರ್ಹತಾ ಪತ್ರ ನೀಡಬೇಕಾದದ್ದೂ ಅದೇ ಸಚಿವಾಲಯ. ನಮ್ಮ ಬಸ್ಸು ಲಾರಿಗಳಿಗೆ ಎಫ್‌.ಸಿ. ಇದ್ದಂತೆ ಈ ಪತ್ರ. ಇಲ್ಲಿ ಮಾಲೀಕನೇ ಪರೀಕ್ಷಕ. ಒಳಗಿನ ಅನಿಲ ಚೀಲಗಳು ಚೌಕಟ್ಟಿಗೆ ಉಜ್ಜಿ ತೂತಾಗುತ್ತಿವೆಯೆಂದು ತಪಾಸಣಾಧಿಕಾರಿ ಮೆಕ್‌ವೇಡ್ 1930ರ ಜುಲೈನಲ್ಲೇ ಲಿಖಿತವಾಗಿ ಎಚ್ಚರಿಸಿದ್ದರೂ ಆ ಪತ್ರಕ್ಕೆ ಸಲ್ಲಬೇಕಾದ ಬೆಲೆ ಸಲ್ಲಲಿಲ್ಲ. ನೌಕೆಯನ್ನು ನಡುವೆ ಕತ್ತರಿಸಿ ಉದ್ದ ಮಾಡಿದ ಬಳಿಕ ನಡೆದದ್ದು ಒಂದೇ ಪರೀಕ್ಷಾ ಹಾರಾಟ, ಅದೂ ಪೂರ್ಣ ವೇಗದಲ್ಲಲ್ಲ. ವಾಯು ಸಚಿವ ಲಾರ್ಡ್ ಥಾಮ್ಸನ್ ಅವರಿಗೆ ಭಾರತಕ್ಕೆ ಹೋಗಿ ಬರುವ ಅವಸರ; ಕರಾಚಿಯಲ್ಲಿ ದೈತ್ಯ ಹ್ಯಾಂಗರ್ ಸಿದ್ಧವಾಗಿತ್ತು. ಹೊರಡುವ ಹೊತ್ತಿಗೆ ಅರ್ಹತಾ ಪತ್ರವೂ ಕೈಸೇರಿತು. ಅಕ್ಟೋಬರ್ 4ರ ಸಂಜೆ ಹೊರಟ ನೌಕೆ ಮರುದಿನ ಬೆಳಗಿನ ಜಾವ ಫ್ರಾನ್ಸಿನ ಬೋವೆ ಬಳಿ ನೆಲಕ್ಕೆ ಬಿದ್ದು ಉರಿಯಿತು. 54 ಮಂದಿಯಲ್ಲಿ 48 ಜನ ಮೃತಪಟ್ಟರು. ಸಚಿವರಷ್ಟೇ ಅಲ್ಲ, ನಾಗರಿಕ ವಿಮಾನಯಾನ ನಿರ್ದೇಶಕ ಸೆಫ್ಟನ್ ಬ್ರಾಂಕರ್ ಕೂಡ ಅವರಲ್ಲೊಬ್ಬರು.

ಆರ್-100 ಕೂಡ ಮರುವರ್ಷ ಗುಜರಿಗೆ ಹೋಯಿತು. ಅಧಿಕಾರಿಗಳ ಮೇಲೆ ಶೂಟ್ ಅವರಿಗಿದ್ದ ಸಿಟ್ಟು ಕೊನೆಯವರೆಗೂ ಆರಲಿಲ್ಲ. ಎದುರಾಳಿ ತಂಡದವರಾದ ಅವರ ಮಾತನ್ನು ಅಷ್ಟು ಎಚ್ಚರದಿಂದಲೇ ಓದಬೇಕು, ನಿಜ. ಆದರೆ ಕಟ್ಟುವವನೂ ಪರೀಕ್ಷಿಸುವವನೂ ಒಬ್ಬನೇ ಆಗಬಾರದೆಂಬ ಅವರ ಆಕ್ಷೇಪವನ್ನು ತಳ್ಳಿಹಾಕುವುದು ಕಷ್ಟ.

1931ರಲ್ಲಿ ಗೆಳೆಯರೊಡನೆ ಏರ್‌ಸ್ಪೀಡ್ ಕಂಪೆನಿ ಸ್ಥಾಪಿಸಿ 1938ರಲ್ಲಿ ಹೊರಬಂದರು. ಹತ್ತು ವರ್ಷಗಳ ನಂತರ ಬಂದದ್ದು 'ನೋ ಹೈವೇ' ಕಾದಂಬರಿ. ಸೇವೆಯಲ್ಲಿರುವ ಹೊಸ ವಿಮಾನದ ಬಾಲ ಸುಮಾರು 1,440 ಗಂಟೆಗಳ ಹಾರಾಟದಲ್ಲಿ ಲೋಹದ ದಣಿವಿನಿಂದ ಮುರಿಯುತ್ತದೆಂದು ಲೆಕ್ಕ ಹಾಕುವ ಹನಿ ಎಂಬ ವಿಜ್ಞಾನಿ ಅದರ ನಾಯಕ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆಯೇ ಇದು. ಅವನ ಮಾತನ್ನು ಯಾರೂ ನಂಬುವುದಿಲ್ಲ. ಕೊನೆಗೆ ನೆಲದ ಮೇಲೆ ನಿಂತಿದ್ದ ವಿಮಾನದ ಚಕ್ರಗಳನ್ನು ತಾನೇ ಮಡಚಿ, ಅದು ಮತ್ತೆ ಹಾರದಂತೆ ಮಾಡಿಬಿಡುತ್ತಾನೆ.

ಆರು ವರ್ಷಗಳಲ್ಲಿ ಕಲ್ಪನೆ ನಿಜವಾಯಿತು. 1954ರ ಜನವರಿ 10 ಮತ್ತು ಏಪ್ರಿಲ್ 8ರಂದು ಎರಡು ಕಾಮೆಟ್ ಜೆಟ್‌ಗಳು ಇಟಲಿಯ ಬಳಿ ಆಕಾಶದಲ್ಲೇ ಛಿದ್ರಗೊಂಡವು. ಕಾಮೆಟ್‌ನ ಅರ್ಹತಾ ಪತ್ರ ರದ್ದಾಯಿತು. ಫಾರ್ನ್‌ಬರೋದಲ್ಲಿ ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿರಿಸಿ, ಒತ್ತಡವನ್ನು ಏರಿಸಿ ಇಳಿಸಿ ಪರೀಕ್ಷಿಸಿದಾಗ ಕಂಡದ್ದು ಅದೇ ಲೋಹದ ದಣಿವು. ಬಿರುಕು ಹುಟ್ಟಿದ್ದು ಬಾಲದಲ್ಲಲ್ಲ, ಕಿಂಡಿಯ ಮೂಲೆಯಲ್ಲಿ.

ಅದೇ ವರ್ಷ ಶೂಟ್ ಅವರ ಆತ್ಮಕಥೆ 'ಸ್ಲೈಡ್ ರೂಲ್' ಪ್ರಕಟವಾಯಿತು. ಆ ವೇಳೆಗೆ ಅವರು ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದರು. 1960ರ ಜನವರಿ 12ರಂದು ಮೆಲ್ಬರ್ನ್‌ನಲ್ಲಿ ನಿಧನರಾದರು.