ಗಗನಗಾಮಿನಿ ಏಮಿ ಜಾನ್ಸನ್

ಇಂಗ್ಲೆಂಡಿನ ಪೂರ್ವ ತೀರದ ಹಲ್ ಎಂಬ ಬಂದರು ಪಟ್ಟಣದಲ್ಲಿ, ಮೀನು ವ್ಯಾಪಾರಿಯೊಬ್ಬರ ಮನೆಯಲ್ಲಿ, 1903ರ ಜುಲೈ 1ರಂದು ಏಮಿ ಜಾನ್ಸನ್ ಜನಿಸಿದರು. ಹೆಣ್ಣುಮಕ್ಕಳು ವಿಶ್ವವಿದ್ಯಾಲಯದ ಮೆಟ್ಟಿಲೇರುವುದು ವಿರಳವಾಗಿದ್ದ ಆ ಕಾಲದಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನು ಓದಿ ಬಿ.ಎ. ಪದವೀಧರೆಯಾದರು. ಆ ಪದವಿಯ ಬಳಿಕ ಲಂಡನ್ನಿನ ವಕೀಲರೊಬ್ಬರ ಕಚೇರಿಯಲ್ಲಿ ಕಾರ್ಯದರ್ಶಿಯ ಕೆಲಸವೂ ದೊರೆಯಿತು. ಆದರೆ ಅವರ ಕಲಿಕೆ ಅಲ್ಲಿಗೆ ಮುಗಿಯಲಿಲ್ಲ.

ಬಿಡುವಿನ ವೇಳೆಯಲ್ಲಿ ಸ್ಟ್ಯಾಗ್ ಲೇನ್ ವಿಮಾನ ನಿಲ್ದಾಣಕ್ಕೆ ಹೋಗಿ ಹಾರಾಟವನ್ನು ಅಭ್ಯಸಿಸಿದರು. ಹಾರಲು ಬಂದರೆ ಸಾಲದು, ಯಂತ್ರದ ಮರ್ಮವನ್ನೂ ಅರಿಯಬೇಕೆಂದು ಮೆಕ್ಯಾನಿಕ್ಕುಗಳ ನಡುವೆ ನಿಂತು, ಕೈ ಮಸಿ ಮಾಡಿಕೊಂಡು ದುಡಿದರು. 1929ರಲ್ಲಿ ಚಾಲಕಿಯ ಪರವಾನಗಿಯೊಂದಿಗೆ ವಿಮಾನ ಎಂಜಿನಿಯರಿನ ಪರವಾನಗಿಯನ್ನೂ ಪಡೆದರು. ಬ್ರಿಟನ್ನಿನಲ್ಲಿ ಈ ಎರಡನೆಯದನ್ನು ಗಳಿಸಿದ ಮೊದಲ ಮಹಿಳೆ ಅವರೇ.

1930ರ ಮೇ 5ರಂದು 'ಜೇಸನ್' ಎಂಬ ಪುಟ್ಟ ವಿಮಾನದಲ್ಲಿ ಕ್ರಾಯ್ಡನ್ನಿನಿಂದ ಆಸ್ಟ್ರೇಲಿಯಕ್ಕೆ ಏಕಾಂಗಿಯಾಗಿ ಹೊರಟರು. 1928ರಲ್ಲಿ ಬರ್ಟ್ ಹಿಂಕ್ಲರ್ ಸ್ಥಾಪಿಸಿದ್ದ ದಾಖಲೆಯನ್ನು ಮುರಿಯುವುದು ಅವರ ಗುರಿ. ಆರನೆಯ ದಿನ ಕರಾಚಿಯನ್ನು ಮುಟ್ಟಿದಾಗ ಎರಡು ದಿನಗಳಷ್ಟು ಮುಂದಿದ್ದರು. ಮುಂದೆ ಇಂಧನ ಸಾಲದೆ ಝಾನ್ಸಿಯ ಸೇನಾ ಮೈದಾನದಲ್ಲಿ ಇಳಿಯಬೇಕಾಯಿತು. ಅಲಹಾಬಾದು, ಕಲ್ಕತ್ತಗಳನ್ನು ದಾಟಿ ರಂಗೂನಿನ ಬಳಿ ಇಳಿಯುವಾಗ ವಿಮಾನ ಹಳ್ಳಕ್ಕೆ ನುಗ್ಗಿ ರೆಕ್ಕೆ ಮುರಿಯಿತು. ಸ್ಥಳೀಯರ ನೆರವಿನಿಂದ ಅದನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ದಾಖಲೆಯ ಆಸೆ ಕೈತಪ್ಪಿತ್ತು. ಆದರೂ ಪಯಣ ನಿಲ್ಲಲಿಲ್ಲ. ಸುಮಾರು 11,000 ಮೈಲಿಗಳನ್ನು ಕ್ರಮಿಸಿ ಮೇ 24ರಂದು ಡಾರ್ವಿನ್ ನಗರದಲ್ಲಿ ಇಳಿದರು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿದ ಮೊದಲ ಮಹಿಳೆಯೆಂಬ ಕೀರ್ತಿ ಅವರದಾಯಿತು. ಟೋಕಿಯೊ, ಕೇಪ್‌ಟೌನ್‌ಗಳಿಗೂ ಹಾರಿದ ಅವರ ಹೆಸರು ಮನೆಮಾತಾಯಿತು.

ಎರಡನೆಯ ಮಹಾಯುದ್ಧ ಬಂದಾಗ ಈ ಕೀರ್ತಿಶಾಲಿನಿ ಒಪ್ಪಿಕೊಂಡದ್ದು ಪ್ರಶಸ್ತಿ, ಜಯಕಾರಗಳಿಲ್ಲದ ಕೆಲಸವನ್ನು. 1940ರಲ್ಲಿ ವಿಮಾನ ಸಾಗಣೆಯ ಸಹಾಯಕ ದಳವನ್ನು ಸೇರಿ, ವಾಯುಪಡೆಗೆ ಬೇಕಾದ ವಿಮಾನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ತಲಪಿಸತೊಡಗಿದರು. ಯುದ್ಧ ಮಾಡುವುದು ಅವರ ಪಾಲಿನ ಕಾರ್ಯವಲ್ಲ. ಮಂಜು, ಮೋಡ, ಚಳಿಗಳೇ ಅವರ ವೈರಿಗಳು.

1941ರ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡ್ ಸಮೀಪದ ಕಿಡ್ಲಿಂಗ್‌ಟನ್ನಿಗೆ ವಿಮಾನವೊಂದನ್ನು ಒಯ್ಯುತ್ತಿದ್ದಾಗ ಅವರು ದಾರಿ ತಪ್ಪಿ ಥೇಮ್ಸ್ ನದಿಯ ಅಳಿವೆಯ ಮೇಲೆ ಬಂದರು. ಪ್ಯಾರಾಚೂಟಿನಿಂದ ಕೊರೆಯುವ ನೀರಿಗೆ ಇಳಿದ ಅವರನ್ನು ಹೇಸಲ್ಮಿಯರ್ ಎಂಬ ನೌಕೆಯವರು ಕಂಡರೂ ಉಳಿಸಲಾಗಲಿಲ್ಲ. ರಕ್ಷಿಸಲೆಂದು ಕಡಲಿಗೆ ಧುಮುಕಿದ ನೌಕಾಧಿಕಾರಿ ವಾಲ್ಟರ್ ಫ್ಲೆಚರ್ ಅವರೂ ಪ್ರಾಣ ತೆತ್ತರು. ಏಮಿಯವರ ದೇಹ ದೊರೆಯಲೇ ಇಲ್ಲ. ಆಗ ಅವರಿಗೆ 37 ವರ್ಷ.

ಅವರಿಗೆ ಸಮಾಧಿಯಿಲ್ಲ, ಜೇಸನ್ ಮಾತ್ರ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಲೋಕವು ಅವರ ದಾಖಲೆಗಳನ್ನು ಎಣಿಸುತ್ತದೆ. ಕಲಿಯುವ ಮಕ್ಕಳಾದರೋ ಇನ್ನೊಂದನ್ನೂ ಎಣಿಸಬೇಕು: ಪದವಿ ಪಡೆದ ಮೇಲೆಯೂ ಮಸಿ ಮೆತ್ತಿದ ಕೈಗಳಿಂದ ಕಲಿತದ್ದನ್ನು, ಕೀರ್ತಿ ಬಂದ ಮೇಲೆಯೂ ಸಣ್ಣದೆಂದು ಕಾಣುವ ಕರ್ತವ್ಯಕ್ಕೆ ಹೆಗಲು ಕೊಟ್ಟದ್ದನ್ನು.