ಏಯಿಚಿ ಶಿಬುಸಾವಾ

1923ನೆಯ ಇಸವಿ ಸೆಪ್ಟೆಂಬರ್ 1. ನಡುಹಗಲಿಗೆ ಇನ್ನೆರಡು ನಿಮಿಷಗಳಿರುವಾಗ ಜಪಾನಿನ ಟೋಕಿಯೊ ಮತ್ತು ಯೋಕೊಹಾಮಾ ನಗರಗಳು ಭೀಕರ ಭೂಕಂಪಕ್ಕೆ ತುತ್ತಾದವು. ಅದರ ಬೆನ್ನಲ್ಲೇ ಎದ್ದ ಬೆಂಕಿ ಮರದ ಮನೆಗಳ ಸಾಲುಗಳನ್ನು ನುಂಗಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಅಸುನೀಗಿದರು. ಟೋಕಿಯೊದ ತಮ್ಮ ಕಚೇರಿಯಲ್ಲಿದ್ದ 83 ವರ್ಷದ ವೃದ್ಧರೊಬ್ಬರು ಹೇಗೋ ಪಾರಾದರು. ಕಚೇರಿಯೂ ಅಲ್ಲಿದ್ದ ಕಾಗದಪತ್ರಗಳೂ ಬೂದಿಯಾದವು. ಹುಟ್ಟೂರಿಗೆ ಹೋಗಿ ಕ್ಷೇಮವಾಗಿರಬೇಕೆಂದು ಮಕ್ಕಳು ಬೇಡಿಕೊಂಡರು. ಇಂತಹ ವೇಳೆಯಲ್ಲಿ ನೆರವಾಗದಿದ್ದರೆ ಮುದುಕನಾದ ತಾನು ಬದುಕಿರುವುದೇ ವ್ಯರ್ಥವೆಂದು ಅವರು ನಗರವನ್ನು ಬಿಡಲೊಪ್ಪಲಿಲ್ಲ. ಅವರೇ ಏಯಿಚಿ ಶಿಬುಸಾವಾ.

ಶಿಬುಸಾವಾ 1840ರಲ್ಲಿ, ಇಂದಿನ ಸೈತಾಮಾ ಪ್ರಾಂತದ ಹಳ್ಳಿಯೊಂದರಲ್ಲಿ ಜನಿಸಿದರು. ಬೇಸಾಯ, ರೇಷ್ಮೆ ಹುಳು ಸಾಕಣೆ ಮತ್ತು ನೀಲಿ ಬಣ್ಣದ ವ್ಯಾಪಾರ ಮನೆತನದ ಕಸುಬು. 1867ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆ ಹೊರಟ ನಿಯೋಗದೊಡನೆ ಯೂರೋಪಿಗೆ ಹೋಗಿ, ಅಲ್ಲಿನ ಬ್ಯಾಂಕುಗಳನ್ನೂ ಕಾರ್ಖಾನೆಗಳನ್ನೂ ಕಂಡುಬಂದರು. ಸರ್ಕಾರದ ಉನ್ನತ ಹುದ್ದೆಯನ್ನು ತ್ಯಜಿಸಿ 1873ರಲ್ಲಿ ಜಪಾನಿನ ಮೊದಲ ಆಧುನಿಕ ಬ್ಯಾಂಕನ್ನು ಕಟ್ಟಿದರು. ಮುಂದೆ ಸುಮಾರು 500 ಉದ್ಯಮಗಳ ಸ್ಥಾಪನೆ ಮತ್ತು ಬೆಳವಣಿಗೆಗೆ ನೆರವಾದರು. ಧರ್ಮವನ್ನು ತೊರೆದ ಲಾಭ ನಿಲ್ಲದೆಂಬ ನಂಬಿಕೆಯನ್ನು ಅವರು ಕನ್‌ಫ್ಯೂಶಿಯಸ್ಸನ ಬೋಧೆಯಿಂದ ಪಡೆದಿದ್ದರು.

1906ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಭೂಕಂಪದಿಂದ ಧ್ವಂಸವಾಯಿತು. ಆಗ ಜಪಾನ್ ಕಳುಹಿಸಿದ ಧನಸಹಾಯ ಉಳಿದೆಲ್ಲ ಪರದೇಶಗಳ ಸಹಾಯದ ಮೊತ್ತವನ್ನೂ ಮೀರಿತ್ತು. ಆದರೂ ಅದೇ ವರ್ಷ ಆ ನಗರದ ಶಿಕ್ಷಣ ಮಂಡಲಿ ಜಪಾನೀ ಮಕ್ಕಳನ್ನು ಪ್ರತ್ಯೇಕ ಶಾಲೆಗೆ ಸೇರಿಸಬೇಕೆಂದು ಆಜ್ಞೆ ಹೊರಡಿಸಿತು. ಹಣದಿಂದ ಕಷ್ಟ ನೀಗಬಹುದು, ಸಂಶಯ ನೀಗದು. ಅದಕ್ಕೆ ಮುಖಾಮುಖಿ ಪರಿಚಯವೇ ಮದ್ದೆಂದು ಶಿಬುಸಾವಾ ಬಗೆದರು. 1908ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ವರ್ತಕರು ಜಪಾನಿಗೆ ಅತಿಥಿಗಳಾಗಿ ಬಂದರು. ಮರುವರ್ಷ ಸುಮಾರು 50 ಜನರ ನಿಯೋಗದ ನಾಯಕರಾಗಿ ಶಿಬುಸಾವಾ ಅಮೆರಿಕಕ್ಕೆ ತೆರಳಿ, ಮೂರು ತಿಂಗಳ ಕಾಲ ವಿಶೇಷ ರೈಲಿನಲ್ಲಿ ಐವತ್ತಕ್ಕೂ ಹೆಚ್ಚು ನಗರಗಳನ್ನು ಸುತ್ತಿದರು. 1915 ಮತ್ತು 1921ರಲ್ಲಿ, ಇಳಿವಯಸ್ಸನ್ನೂ ಲೆಕ್ಕಿಸದೆ ಮತ್ತೆ ಕಡಲು ದಾಟಿದರು.

ಹೀಗೆ ಬೆಳೆಸಿದ ಸ್ನೇಹ 1923ರ ವಿಪತ್ತಿನಲ್ಲಿ ನೆರವಾಗಿ ಬಂದಿತು. ಶಿಬುಸಾವಾ ಉದ್ಯಮಿಗಳನ್ನು ಒಗ್ಗೂಡಿಸಿ ಪರಿಹಾರ ಸಂಘವನ್ನು ಸ್ಥಾಪಿಸಿ, ಅಮೆರಿಕದ ಗೆಳೆಯರಿಗೂ ಬರೆದರು. ಅಮೆರಿಕದಿಂದ ಹಣವೂ ಸಾಮಗ್ರಿಯೂ ಹರಿದುಬಂದವು. ಆದರೆ 1924ರಲ್ಲಿ ಅದೇ ದೇಶ ಜಪಾನೀಯರ ವಲಸೆಯನ್ನು ಕಾನೂನಿನಿಂದ ತಡೆಯಿತು. ಶಿಬುಸಾವಾ ಬಹಳ ನೊಂದರು. ಆದರೂ ಸ್ನೇಹದ ದಾರವನ್ನು ಕಡಿಯಲಿಲ್ಲ. 1927ರಲ್ಲಿ ಅಮೆರಿಕದ ಮಕ್ಕಳು ಕಳುಹಿಸಿದ 12,000ಕ್ಕೂ ಹೆಚ್ಚು ಗೊಂಬೆಗಳನ್ನು ಸ್ವಾಗತಿಸಲು ಮುಂದೆ ನಿಂತರು. ಪ್ರತಿಯಾಗಿ ಜಪಾನಿನಿಂದ 58 ಗೊಂಬೆಗಳು ಅಮೆರಿಕಕ್ಕೆ ಹೋದವು.

1931ರಲ್ಲಿ ಚೀನಾ ದೇಶ ಮಹಾಪ್ರವಾಹಕ್ಕೆ ಸಿಲುಕಿತು. 91 ವರ್ಷದ ಶಿಬುಸಾವಾ ಪರಿಹಾರ ಸಂಘದ ಹೊಣೆ ಹೊತ್ತು, ಆಕಾಶವಾಣಿಯ ಮೂಲಕ ಜನರಲ್ಲಿ ನೆರವು ಯಾಚಿಸಿದರು. ಸಾಮಗ್ರಿ ಹಡಗನ್ನೇರಿತು. ಅಷ್ಟರಲ್ಲಿ ಜಪಾನೀ ಸೈನ್ಯ ಮಂಚೂರಿಯದಲ್ಲಿ ಆಕ್ರಮಣಕ್ಕಿಳಿಯಿತು. ಚೀನಾ ಆ ನೆರವನ್ನು ನಿರಾಕರಿಸಿತು. ಅದೇ ವರ್ಷ ನವೆಂಬರ್ 11ರಂದು ಶಿಬುಸಾವಾ ಕಾಲವಾದರು. ಹತ್ತು ವರ್ಷಗಳ ತರುವಾಯ ಜಪಾನಿಗೂ ಅಮೆರಿಕಕ್ಕೂ ಯುದ್ಧವೇ ನಡೆಯಿತು.

ಒಬ್ಬ ವ್ಯಕ್ತಿಯ ಸೌಹಾರ್ದ ಸೈನ್ಯಗಳನ್ನು ತಡೆಯಲಾರದೆ ಹೋಗಬಹುದು. ಆದರೆ ಯುದ್ಧ ಮುಗಿದ ಮೇಲೆ ಜನರು ಹುಡುಕಿಕೊಂಡು ಬರುವುದು ಅಂತಹವರು ತೋರಿದ ಹಾದಿಯನ್ನೇ. 2024ರಲ್ಲಿ ಜಪಾನ್ ತನ್ನ 10,000 ಯೆನ್ ನೋಟಿನ ಮೇಲೆ ಶಿಬುಸಾವಾ ಅವರ ಚಿತ್ರವನ್ನು ಮುದ್ರಿಸಿ ಅವರನ್ನು ಗೌರವಿಸಿತು.